ಸ್ಕ್ಯಾನಿಂಗ್ ಮೆಷಿನ್ ಕಟ್ಟಿದ ಟಾಮ್ ಬ್ರೌನ್

ಹೊಟ್ಟೆಯ ಸ್ಕ್ಯಾನಿಂಗ್ ಶುರುವಾದ ಕಥೆ ಹುಡುಕಿದರೆ ಮೊದಲು ಸಿಗುವ ಹೆಸರು ಇಯಾನ್ ಡೊನಾಲ್ಡ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹೆರಿಗೆ ವಿಭಾಗದ ಪ್ರೊಫೆಸರ್ ಆಗಿದ್ದವರು. ಅವರಿಗೆ ಆ ಹೆಸರು ಬಂದದ್ದು ನ್ಯಾಯವೇ. ಆದರೆ ಅವರ ಪಕ್ಕದಲ್ಲೇ ಟಾಮ್ ಬ್ರೌನ್ ಹೆಸರನ್ನೂ ಹೇಳಬೇಕು, ಮೆಷಿನ್ ಕಟ್ಟಿದ್ದು ಆತ.

ಡೊನಾಲ್ಡ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದರು, ರೇಡಿಯೋ ಅಲೆ ಬಡಿದು ವಾಪಸ್ ಬರೋದನ್ನ ಹಿಡಿಯುವ ರೇಡಾರ್ ನೋಡಿ ಬಲ್ಲವರು. ಆಗಲೇ ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕು ಹುಡುಕೋಕೆ ಶಬ್ದದ ಅಲೆ ಬಳಸ್ತಿದ್ದರು. ನಮ್ಮ ಕಿವಿಗೆ ಕೇಳದಷ್ಟು ಕೀಚಲು ಶಬ್ದವನ್ನು ಒಳಗೆ ಕಳಿಸೋದು, ಎಲ್ಲಿಂದ ಮಾರ್ದನಿ ಬರುತ್ತೆ ಅಂತ ನೋಡೋದು, ಅಷ್ಟೇ. ಲೋಹಕ್ಕೆ ಆಗುವುದು ಮೈಗೂ ಆಗಬೇಕಲ್ವಾ? 1955ರ ಜುಲೈನಲ್ಲಿ ಡೊನಾಲ್ಡ್ ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನು ಎರಡು ಕಾರಿನ ಡಿಕ್ಕಿಗಳಲ್ಲಿ ತುಂಬಿಕೊಂಡು ರೆನ್‌ಫ್ರೂ ಊರಿನ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಬಾಯ್ಲರ್ ಕಾರ್ಖಾನೆಗೆ ಹೋದರು. ಹೋಲಿಸಿ ನೋಡೋಕೆ ಅಂತ ಕಾರ್ಖಾನೆಯವರು ಒಂದು ದೊಡ್ಡ ದನದ ಮಾಂಸದ ತುಂಡನ್ನೂ ತರಿಸಿಟ್ಟಿದ್ದರು. ನೀರು ತುಂಬಿದ ಗೆಡ್ಡೆ ಒಂದು ಥರ, ಗಟ್ಟಿ ಗೆಡ್ಡೆ ಇನ್ನೊಂದು ಥರ, ಪರದೆ ಮೇಲೆ ವ್ಯತ್ಯಾಸ ಕಾಣಿಸಿತು.

ಆದರೆ ಆಸ್ಪತ್ರೆಯಲ್ಲಿ ಕೈಗೆ ಸಿಕ್ಕ ಯಂತ್ರ ತುಂಬಾ ಹಳೆಯದು, ಅದರಲ್ಲಿ ಹೆಚ್ಚೇನೂ ಕಾಣ್ತಿರಲಿಲ್ಲ. ಬಿರುಕು ಪತ್ತೆ ಯಂತ್ರ ತಯಾರಿಸುವ ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಬ್ರೌನ್‌ಗೆ 1956ರಲ್ಲಿ ಈ ವಿಷಯ ಕಿವಿಗೆ ಬಿತ್ತು. ಆಗ ಅವನಿಗೆ ಇಪ್ಪತ್ತರ ಮೇಲೆ ಎರಡೋ ಮೂರೋ ವರ್ಷ. ಆ ಹುಡುಗ ಸೀದಾ ಪ್ರೊಫೆಸರಿಗೇ ಫೋನ್ ಮಾಡಿದ, ಬಂದು ಯಂತ್ರ ನೋಡಿದ, ಇದು ಆಗೋದಿಲ್ಲ ಅಂತ ಗೊತ್ತಾದ ಮೇಲೆ ತನ್ನ ಕಂಪನಿಯಿಂದ ಒಳ್ಳೆಯದೊಂದನ್ನು ತರಿಸಿಕೊಟ್ಟ. ಯಾರೂ ಅವನನ್ನು ಕರೆದಿರಲಿಲ್ಲ ಅನ್ನೋದನ್ನ ನಾನು ಮತ್ತೆ ಮತ್ತೆ ನೆನೆಸಿಕೊಳ್ತೇನೆ.

ಅಲ್ಲಿಯವರೆಗೆ ಪರದೆ ಮೇಲೆ ಬರ್ತಿದ್ದದ್ದು ಬರೀ ಏರಿಳಿಯುವ ಗೆರೆ, ಚಿತ್ರ ಅಲ್ಲ. ಶಬ್ದ ಕಳಿಸುವ ಪ್ರೋಬ್ ಹೊಟ್ಟೆಯ ಮೇಲೆ ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಅನ್ನೋದನ್ನ ಯಂತ್ರವೇ ಲೆಕ್ಕ ಇಟ್ಟು, ಒಂದೊಂದು ಮಾರ್ದನಿಯನ್ನೂ ಅದರದರ ಜಾಗದಲ್ಲಿ ಚುಕ್ಕಿಯಾಗಿ ಇಡುವ ಹಾಗೆ ಬ್ರೌನ್ 1957ರಲ್ಲಿ ಹೊಸ ಯಂತ್ರ ಕಟ್ಟಿದ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತೆ. 10 ಸೆಂಟಿಮೀಟರ್ ಆಳದಿಂದ ಮಾರ್ದನಿ ವಾಪಸ್ ಬರೋಕೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಸಾಕು. ಅದನ್ನ ವಾಲ್ವ್ ರೇಡಿಯೋ ಕಾಲದ ಸಾಮಾನಿನಲ್ಲಿ ಅಳೆದರು! ಪ್ರೋಬ್‌ಗೂ ಚರ್ಮಕ್ಕೂ ನಡುವೆ ಗಾಳಿ ಸೇರಿದರೆ ಶಬ್ದ ಒಳಗೆ ಹೋಗೋದೇ ಇಲ್ಲ, ಅದಕ್ಕೆ ಹೊಟ್ಟೆಗೆ ಆಲಿವ್ ಎಣ್ಣೆ ಹಚ್ಚುತ್ತಿದ್ದರು. ಈಗ ಹಚ್ಚುವ ತಣ್ಣನೆ ಜೆಲ್ ಮಾಡೋದೂ ಅದೇ ಕೆಲಸ.

ಇವರಿಗೂ ಮುಂಚೆ ಯಾರೂ ಇರಲಿಲ್ಲ ಅಂತಲ್ಲ. ವಿಯೆನ್ನಾದ ಕಾರ್ಲ್ ಡುಸಿಕ್ 1940ರ ದಶಕದಲ್ಲೇ ಮಿದುಳಿನ ಚಿತ್ರ ತೆಗೆಯೋಕೆ ಹೊರಟಿದ್ದರು, ಆದರೆ ಕಂಡದ್ದು ಹೆಚ್ಚಾಗಿ ತಲೆಬುರುಡೆಯೇ ಮೂಡಿಸಿದ ನೆರಳು ಅಂತ ಆಮೇಲೆ ತಿಳಿಯಿತು. ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ 1953ರಲ್ಲಿ ಹೃದಯದ ಬಡಿತವನ್ನೇ ಹಿಡಿದಿದ್ದರು.

ಗ್ಲಾಸ್ಗೋದಲ್ಲಿ ಎಲ್ಲರ ಅನುಮಾನ ಕಡಿಮೆ ಮಾಡಿದ್ದು ಒಬ್ಬ ಹೆಂಗಸಿನ ಪ್ರಾಣ. ಹೊಟ್ಟೆ ಉಬ್ಬಿತ್ತು, ಜಠರದ ಕ್ಯಾನ್ಸರ್, ಆಪರೇಷನ್ನಿಗೂ ಮೀರಿದೆ ಅಂತ ಡಾಕ್ಟರುಗಳು ಕೈಚೆಲ್ಲಿದ್ದರು. ಸ್ಕ್ಯಾನ್ ಮಾಡಿದರೆ ಒಳಗೆ ನೀರು ತುಂಬಿದ ದೊಡ್ಡ ಗೆಡ್ಡೆ, ಅಂಡಾಶಯದ್ದು. ತೆಗೆದರು, ಆಕೆ ಉಳಿದರು. 1958ರ ಜೂನ್ 7ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇವರ ಲೇಖನ ಬಂದಾಗ ಡೊನಾಲ್ಡ್, ಡಾಕ್ಟರ್ ಜಾನ್ ಮ್ಯಾಕ್‌ವಿಕರ್ ಜೊತೆ ಬ್ರೌನ್ ಹೆಸರೂ ಇತ್ತು. ಡಾಕ್ಟರುಗಳ ಪತ್ರಿಕೆಯಲ್ಲಿ ಕಾರ್ಖಾನೆಯ ಎಂಜಿನಿಯರ್ ಹೆಸರು! ಅದಕ್ಕೆ ಡೊನಾಲ್ಡ್ ಮೇಲೆ ನನಗೆ ಇನ್ನಷ್ಟು ಗೌರವ.

ಬಸಿರಿನ ಮೊದಲ ವಾರಗಳು ಮಾತ್ರ ಇನ್ನೂ ಕಾಣ್ತಿರಲಿಲ್ಲ, ಕರುಳಿನ ಗಾಳಿ ಅಡ್ಡ. 1963ರ ಹೊತ್ತಿಗೆ ಡೊನಾಲ್ಡ್ ಅದಕ್ಕೂ ದಾರಿ ಕಂಡುಕೊಂಡರು. ಮೂತ್ರಚೀಲ ತುಂಬಿದ್ದರೆ ಅದು ಕರುಳನ್ನು ಪಕ್ಕಕ್ಕೆ ಸರಿಸುತ್ತೆ, ನೀರಿನ ಮೂಲಕ ಶಬ್ದ ಸಲೀಸಾಗಿ ಗರ್ಭಕೋಶ ಮುಟ್ಟುತ್ತೆ. ನಮ್ಮೂರ ಸ್ಕ್ಯಾನಿಂಗ್ ಸೆಂಟರಿನಲ್ಲಿ ಇವತ್ತೂ "ಚೆನ್ನಾಗಿ ನೀರು ಕುಡೀರಿ, ಬಾತ್‌ರೂಮಿಗೆ ಹೋಗಬೇಡಿ" ಅಂತ ಹೆಂಗಸರನ್ನು ಕೂರಿಸೋದು ಇದಕ್ಕೇ.