ಬಾಯಲ್ಲಿ ಹೇಳಿದ 'ಆಗುದಿಲ್ಲ'ಕ್ಕೆ ಅಪೀಲು ಹಾಕ್ಲಿಕ್ಕಾಗುದಿಲ್ಲ

ನಾನು ಕಾಸರಗೋಡಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ವಕೀಲರಲ್ಲ, ಜನ ಮತ್ತು ವಕೀಲರ ನಡುವೆ ಓಡಾಡುವ ಕೆಲಸ. ಅಂಗವಿಕಲರ ಪೆನ್ಶನ್, ಸರ್ಟಿಫಿಕೇಟ್, ಎಂಡೋಸಲ್ಫಾನ್ (ಇಲ್ಲಿನ ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕ) ಸಂತ್ರಸ್ತರ ಪಟ್ಟಿ, ಇಂಥ ವಿಷಯವೇ ಜಾಸ್ತಿ ಬರುದು. ವಕೀಲರ ಹತ್ರ ಹೋಗುವ ಅಂದ್ರೆ "ಪೆನ್ಶನಿಗೆ ಎಂತಕ್ಕೆ ಕೋರ್ಟು ಕಚೇರಿ ಮಾರಾಯ್ರೆ" ಅಂತ ಕೇಳ್ತಾರೆ. ಆದ್ರೆ ವಕೀಲರು ಮಾಡುವ ದೊಡ್ಡ ಉಪಕಾರ ಕೋರ್ಟಿಗೆ ಹೋಗುವ ಮೊದ್ಲೇ ಆಗಿರ್ತದೆ.

ಎಣ್ಮಕಜೆ ಕಡೆಯ ಒಬ್ರು ಅಕ್ಕ, ಮಗನಿಗೆ ಇಪ್ಪತ್ತು ದಾಟಿದೆ, ಬುದ್ಧಿ ಬೆಳೆದಿಲ್ಲ, ಫಿಟ್ಸ್ ಬರ್ತದೆ, ಒಂದು ಕಾಲು ಸೊಟ್ಟ. ಅಂಗವಿಕಲ ಸರ್ಟಿಫಿಕೇಟ್ ಕೇಳ್ಲಿಕ್ಕೆ ಹೋದ್ರೆ ಕೌಂಟರಲ್ಲಿ "ಅಂಗವಿಕಲತೆಯ ಪರ್ಸೆಂಟ್ ಸಾಲುದಿಲ್ಲ, ಆಗುದಿಲ್ಲ" ಅಂದ್ರು, ಇವರು ಮನೆಗೆ ಬಂದ್ರು. ಕೈಯಲ್ಲಿ ಒಂದು ಚೀಟಿ ಇಲ್ಲ. ಇನ್ನು ಯಾವುದರ ಮೇಲೆ ಅಪೀಲ್ ಮಾಡುದು? ನಮ್ಮ ವಕೀಲರು ಮೊದ್ಲು ಮಾಡಿದ್ದು ಇಷ್ಟೇ, ಅರ್ಜಿ ಬರೆಸಿ ಕೊಟ್ಟು ಸೀಲು ಹಾಕಿದ ರಶೀದಿ ತೆಗೆಸಿದ್ರು. ಸರ್ಟಿಫಿಕೇಟ್ ಕೊಡುದಿಲ್ಲಾಂದ್ರೆ ಕಾರಣ ಬರೆದು ಕೊಡ್ಬೇಕು ಅಂತ ರೂಲ್ಸಲ್ಲೇ ಉಂಟು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನಲ್ಲಿ ಅಪೀಲಿಗೂ ದಾರಿ ಉಂಟು.

ಕಾರಣ ಕೈಗೆ ಬಂದಾಗ ಗೊತ್ತಾಯ್ತು, ನೋಡಿದ್ದು ಕಾಲು ಮಾತ್ರ. "ನಡೀತಾನಾ ಅಂತ ಕೇಳಿದ್ರು, ನಡೀತಾನೆ ಅಂದೆ" ಅಂದ್ರು ಅಕ್ಕ. ಅದು ನಿಜವೇ. ವಕೀಲರು ಕೇಳಿದ ಪ್ರಶ್ನೆಯೇ ಬೇರೆ: ಅವನನ್ನು ಒಬ್ಬನೇ ಬಿಟ್ಟು ಸೊಸೈಟಿಗೆ ಹಾಲು ಕೊಟ್ಟು ಬರ್ಲಿಕ್ಕೆ ಆಗ್ತದಾ, ಸ್ನಾನ ಯಾರು ಮಾಡಿಸುದು, ರಾತ್ರಿ ಫಿಟ್ಸ್ ಬಂದ್ರೆ ಎಂತ ಮಾಡ್ತೀರಿ. ನಮ್ಮ ಕಡೆ ತಾಯಂದಿರು ಮಕ್ಕಳ ಕಷ್ಟ ಹೊರಗಿನವರ ಎದುರು ಹೇಳುದಿಲ್ಲ, ಮಗನನ್ನು ಸಣ್ಣ ಮಾಡಿದ ಹಾಗೆ ಆಗ್ತದೆ ಅಂತ ಅವರಿಗೆ, ಅದರ ಮೇಲೆ ಮಲಯಾಳದಲ್ಲಿ ಕೇಳಿದ್ರೆ ಹೌದು-ಅಲ್ಲ ಬಿಟ್ಟು ಬೇರೆ ಬರುದಿಲ್ಲ. ಇಲ್ಲಿನ ಕನ್ನಡದವರು ಸರ್ಕಾರಕ್ಕೆ ಕನ್ನಡದಲ್ಲೇ ಬರೀಬಹುದು, ಕೇರಳದ ಭಾಷಾ ಕಾಯ್ದೆಯಲ್ಲೇ ಅವಕಾಶ ಉಂಟು, ಆದ್ರೆ ಹೇಳುವವರು ಯಾರು. ಕೊನೆಗೆ ಬಡ್ಸ್ ಸ್ಕೂಲಿನ (ಬುದ್ಧಿಮಾಂದ್ಯ ಮಕ್ಕಳ ವಿಶೇಷ ಶಾಲೆ) ರಿಪೋರ್ಟು, ಹಳೇ ಮದ್ದಿನ ಚೀಟಿ ಎಲ್ಲ ಸೇರಿಸಿ ಮತ್ತೆ ಮೆಡಿಕಲ್ ಬೋರ್ಡಿಗೆ ಹೋದ್ದು, ಈ ಸಲ ಎಲ್ಲ ತೊಂದರೆ ಒಟ್ಟಿಗೆ ನೋಡಿದ್ರು, ಬೇಕಾದ 40 ಪರ್ಸೆಂಟಿಗಿಂತ ಎಷ್ಟೋ ಮೇಲೆ ಬಂತು.

ಇದು ಸಣ್ಣ ಕೇಸು. ದೊಡ್ಡದು ಎಲ್ಲರಿಗೂ ಗೊತ್ತಿರ್ಬೇಕು. ಎಂಡೋಸಲ್ಫಾನ್ ಸಂತ್ರಸ್ತರಿಗೆ ಐದು ಲಕ್ಷ ಕೊಡಿ, ಮೂರು ತಿಂಗಳಲ್ಲಿ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ಹೇಳಿತ್ತು. ವರ್ಷಗಟ್ಟಲೆ ಸಿಕ್ಕಿರ್ಲಿಲ್ಲ. ಎಂಟು ಜನ ಕೋರ್ಟ್ ನಿಂದನೆ ಅರ್ಜಿ ಹಾಕಿದ್ರು, ಆ ಎಂಟು ಜನರಿಗೆ ಮಾತ್ರ ದುಡ್ಡು ಬಂತು, ಪಟ್ಟಿಯಲ್ಲಿ ಇದ್ದದ್ದು 3,704 ಜನ! 2022ರ ಮೇ ತಿಂಗಳಲ್ಲಿ ಕೋರ್ಟೇ ಕೇಳಿತು, ಇಲ್ಲಿಗೆ ಬರ್ಲಿಕ್ಕೆ ಸಾಧ್ಯವಾದವರಿಗೆ ಮಾತ್ರ ಕೊಡುದು ಯಾವ ನ್ಯಾಯ ಅಂತ, ಎಂಟು ಜನರಿಗೆ ತಲಾ 50,000 ಖರ್ಚು ಕೂಡ ಕೊಡಿಸ್ತು. ಹಾಸಿಗೆ ಬಿಟ್ಟು ಏಳ್ಲಿಕ್ಕಾಗದ ಮಕ್ಕಳ ತಂದೆತಾಯಿ ದಿಲ್ಲಿಗೆ ಹೇಗೆ ಹೋಗುದು, ಅದನ್ನು ನೆನೆದ್ರೆ ಈಗಲೂ ಹೊಟ್ಟೆ ಉರೀತದೆ.

ದುಡ್ಡಿಲ್ಲ ಅಂತ ಸುಮ್ನೆ ಕೂತ್ಕೊಳ್ಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಅಂಗವಿಕಲರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರ್ಲಿ ವಕೀಲರು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.

ಇನ್ನೊಂದು, ಬುದ್ಧಿಮಾಂದ್ಯ ಇರುವ ಮಗನಿಗೆ, ಮಗಳಿಗೆ 18 ತುಂಬಿದ್ರೆ ತಾಯಿ-ತಂದೆ ಅನ್ನುದಷ್ಟೇ ಸಾಲುದಿಲ್ಲ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಲೀಗಲ್ ಗಾರ್ಡಿಯನ್ ಆಗ್ಬೇಕು, ಅದಕ್ಕೆ ಜಿಲ್ಲೆಯಲ್ಲೇ ಸಮಿತಿ ಉಂಟು. ಪೆನ್ಶನ್ ಅರ್ಜಿ ಜೊತೆಗೇ ಅದನ್ನೂ ಶುರು ಮಾಡಿ, ಇಲ್ಲಾಂದ್ರೆ ಪೆನ್ಶನ್ ಪಾಸಾದ ಮೇಲೆ ಬ್ಯಾಂಕಲ್ಲಿ ಸಹಿ ಯಾರದ್ದು ಅಂತ ಸಿಕ್ಕಿಬೀಳ್ತದೆ.