ಪಾತ್ರ ‘ಬೆಳೆಯಬೇಕು’ ಅಂದರೆ ಬದಲಾಗಲೇಬೇಕೇ?

ಕತೆ ಬರೆಯಲು ಹೊರಟವರು ಒಂದಲ್ಲ ಒಂದು ದಿನ ಈ ಪ್ರಶ್ನೆ ತರುತ್ತಾರೆ: ‘ಕತೆ ಓದಿದವರು ಪಾತ್ರ ಬೆಳೆದಿಲ್ಲ ಅಂತಾರೆ. ಕೊನೆಯಲ್ಲಿ ಅವನನ್ನು ಒಳ್ಳೆಯವನನ್ನಾಗಿ ಮಾಡಿಬಿಟ್ಟರೆ ಸರಿಹೋಗುತ್ತದಾ?’ ಸಾಹಿತ್ಯದ ವಿದ್ಯಾರ್ಥಿಗಳು ಇದನ್ನೇ ಇನ್ನೊಂದು ತುದಿಯಿಂದ ಕೇಳುತ್ತಾರೆ: ‘ಬದಲಾಗದ ಪಾತ್ರವನ್ನು ಚಪ್ಪಟೆ ಪಾತ್ರ ಅಂತ ಉತ್ತರಪತ್ರಿಕೆಯಲ್ಲಿ ಬರೆಯಬಹುದಾ?’

ಎರಡಕ್ಕೂ ಉತ್ತರ ‘ಇಲ್ಲ’. ಪಾತ್ರ ಎಷ್ಟು ಆಳವಾಗಿದೆ ಎಂಬುದು ಒಂದು ಅಳತೆ, ಎಷ್ಟು ಬದಲಾಯಿತು ಎಂಬುದು ಇನ್ನೊಂದು. ಸೇರು ತಂದು ಬಟ್ಟೆ ಅಳೆಯಲಾಗದು. ಚಪ್ಪಟೆ (ಒಂದೇ ಗುಣದ ಸುತ್ತ ಕಟ್ಟಿದ ಪಾತ್ರ), ದುಂಡು (ಹಲವು ಮುಖಗಳುಳ್ಳ ಪಾತ್ರ) ಎಂಬ ಹೆಸರುಗಳು ಬಂದದ್ದು ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಡ್ಜಿನಲ್ಲಿ ಕಾದಂಬರಿ ಕುರಿತು ಕೊಟ್ಟ ಉಪನ್ಯಾಸಗಳಿಂದ. ದುಂಡು ಪಾತ್ರಕ್ಕೆ ಅವರು ಇಟ್ಟ ಪರೀಕ್ಷೆ ಒಂದೇ: ಅದು ನಮ್ಮನ್ನು ಅಚ್ಚರಿಗೊಳಿಸಬಲ್ಲದೇ, ಆ ಅಚ್ಚರಿಯನ್ನು ನಾವು ನಂಬಬಲ್ಲೆವೇ? ಕೊನೆಯ ಪುಟದಲ್ಲಿ ಅದು ಬೇರೆ ಮನುಷ್ಯನಾಗಿರಬೇಕು ಎಂಬ ಷರತ್ತು ಅಲ್ಲಿಲ್ಲ. ಗೈಡುಗಳಲ್ಲಿ ಮಾತ್ರ ದುಂಡು ಅಂದರೆ ಬದಲಾಗುವ ಪಾತ್ರ, ಚಪ್ಪಟೆ ಅಂದರೆ ಬದಲಾಗದ ಪಾತ್ರ ಎಂದು ಎರಡನ್ನೂ ಗಂಟು ಹಾಕಿಬಿಟ್ಟಿದ್ದಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ನಮ್ಮ ಕಡೆ ಇದನ್ನು ಅರ್ಥಮಾಡಿಕೊಳ್ಳಲು ಇನ್ನೂ ಸುಲಭದ ದಾರಿ ಇದೆ. ಯಕ್ಷಗಾನದ ರಂಗಸ್ಥಳಕ್ಕೆ ಬಣ್ಣದ ವೇಷ ಬಂದು ನಿಂತರೆ ರಾಕ್ಷಸ ಎಂದು ಮಗುವಿಗೂ ಗೊತ್ತು. ಸ್ತ್ರೀವೇಷ, ಹಾಸ್ಯ, ಕಿರೀಟ ವೇಷ, ಎಲ್ಲವೂ ಬಾಯಿ ತೆರೆಯುವ ಮೊದಲೇ ತಮ್ಮ ಪರಿಚಯ ಹೇಳಿಬಿಡುತ್ತವೆ. ಅದು ಮಾದರಿ. ಅದೇ ಪ್ರಸಂಗವನ್ನು ತಾಳಮದ್ದಲೆಯಲ್ಲಿ ಕೇಳಿ. ಬಣ್ಣವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿ ಭಾಗವತರ ಪದ್ಯಕ್ಕೆ ಆಶುವಾಗಿ ಮಾತು ಕಟ್ಟುತ್ತಾ ಹೋಗುತ್ತಾನೆ. ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತಿದೆ, ಕರ್ಣ ಪಕ್ಷ ಬದಲಿಸುವುದಿಲ್ಲ. ಆದರೂ ರಾತ್ರಿ ಮುಗಿಯುವ ಹೊತ್ತಿಗೆ ಕರ್ಣ ನಮಗೆ ಹೊಸಬನಾಗಿರುತ್ತಾನೆ. ಕತೆ ಅಷ್ಟೇ ಇತ್ತು, ಅರ್ಥ ಬೆಳೆಯಿತು. ಪಾತ್ರ ಬೆಳೆಯುವುದು ಅಂದರೆ ಮೊದಲಿಗೆ ಇದು: ಅದರ ಬಗ್ಗೆ ನಮಗಿರುವ ತಿಳಿವಳಿಕೆ ಬೆಳೆಯುವುದು.

ಮಾದರಿ ಎಂದರೆ ಮೂಗು ಮುರಿಯಬೇಕಾಗಿಲ್ಲ. ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತ ಎಂದು ನಾಯಕರನ್ನು ಸ್ವಭಾವದ ಮೇಲೆ ನಾಲ್ಕಾಗಿ ವಿಂಗಡಿಸಿದ ಸಂಸ್ಕೃತ ಲಾಕ್ಷಣಿಕರು ಕವಿಗೆ ಕೈಕೋಳ ಹಾಕಲು ಹೊರಟವರಲ್ಲ. ಪ್ರೇಕ್ಷಕ ಯಾವ ನಿರೀಕ್ಷೆಯಿಂದ ಬಂದು ಕೂರುತ್ತಾನೆ ಎಂಬುದನ್ನು ಅವರು ಬರೆದಿಟ್ಟರು. ಆ ನಿರೀಕ್ಷೆಯ ಮೇಲೆ ಏನು ಕಟ್ಟಬಹುದು ಎಂದು ನೋಡಲು ರನ್ನನ ಬಳಿಗೇ ಹೋಗಬೇಕು.

ಧೀರೋದ್ಧತನಿಗೆ ಹೇಳಿದ ದರ್ಪ, ಮಾತ್ಸರ್ಯ, ಅಹಂಕಾರ ಎಲ್ಲವೂ ದುರ್ಯೋಧನನಿಗೆ ಅಳೆದು ಹೊಲಿಸಿದಂತಿವೆ. ಹತ್ತನೆಯ ಶತಮಾನದ ಕೊನೆಯಲ್ಲಿ ಗದಾಯುದ್ಧ ಬರೆದ ರನ್ನ ಈ ಲಕ್ಷಣಗಳಲ್ಲಿ ಒಂದನ್ನೂ ಅಳಿಸುವುದಿಲ್ಲ. ಅವನು ಮಾಡುವುದು ಇಷ್ಟೇ: ಎಲ್ಲರೂ ಸತ್ತ ಮೇಲೆ ದುರ್ಯೋಧನನನ್ನು ಸಂಜಯನ ಜೊತೆ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ಅವನು ನಿಲ್ಲುತ್ತಾನೆ. ಇವರಿಗಾಗಿ ಅವನು ಅಳುತ್ತಾನೆ ಎಂಬುದು ಊಹಿಸಬಹುದಾದದ್ದೇ. ಆದರೆ ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು, ಅವನ ಸಾಹಸಕ್ಕೆ ಕೈಮುಗಿದು, ಅಂಥ ಸಾವು ತನಗೂ ಬರಲಿ ಎನ್ನುತ್ತಾನಲ್ಲ, ಅಲ್ಲಿ ನಮಗೆ ಅಚ್ಚರಿಯಾಗುತ್ತದೆ. ನಂಬಿಕೆಯೂ ಬರುತ್ತದೆ, ಏಕೆಂದರೆ ವೀರವನ್ನು ಕಂಡರೆ ತಲೆಬಾಗುವುದು ಉದ್ಧತನ ಸ್ವಭಾವಕ್ಕೆ ಹೊರತಾದದ್ದಲ್ಲ.

ಮುಂದೆ ಭೀಷ್ಮ ಸಂಧಿಯ ಮಾತೆತ್ತಿದಾಗ ಅವನ ಉತ್ತರ ನೋಡಿ. ನಾನು ಹೋರಾಡುವುದು ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ಈ ಪಾಳುನೆಲದೊಡನೆ ಮತ್ತೆ ಬಾಳುವೆನೇ ಎನ್ನುತ್ತಾನೆ. ನಿರ್ಧಾರ ಕೂದಲೆಳೆಯಷ್ಟೂ ಅಲುಗಿಲ್ಲ. ಆದರೆ ಮೊದಲು ಹಟವೆಂದು ಕಂಡದ್ದು ಈಗ ಸತ್ತ ಗೆಳೆಯನ ಋಣವಾಗಿ ಕಾಣುತ್ತದೆ. ಬದಲಾದದ್ದು ಓದುಗ. ಬದಲಾಗದ ಪಾತ್ರವನ್ನು ಬೆಳೆಸುವ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಂತೆ ಕನ್ನಡದಲ್ಲಿ ಇಲ್ಲ: ಗುಣವನ್ನು ಹಾಗೇ ಇಡು, ಅದರ ಬೇರನ್ನು ಒಂದೊಂದೇ ಅಡಿ ಅಗೆದು ತೋರಿಸು.

ಎರಡನೆಯ ವಿಧಾನ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿದೆ (1933). ಚೋಮನ ಆಸೆ ಕೈಯಲ್ಲಿ ಮುಟ್ಟಬಹುದಾದದ್ದು: ಉಳಲು ತುಂಡು ಭೂಮಿ. ಎತ್ತುಗಳಿವೆ, ಹೊಲವಿಲ್ಲ, ಅವನ ಜಾತಿಯವನಿಗೆ ಗೇಣಿಗೆ ಕೊಡಲು ಧಣಿಯ ಮನೆ ಒಪ್ಪುವುದಿಲ್ಲ. ಮತಾಂತರವಾದರೆ ಭೂಮಿ ಸಿಗುವ ದಾರಿಯಿದೆ. ಆದರೆ ಅವನಿಗೆ ತನ್ನ ದೈವವನ್ನು ಬಿಡಲಾಗದು. ಇಗರ್ಜಿಯ ದಾರಿ ಹಿಡಿದವನು ಹಿಂದಿರುಗಿ ಬರುತ್ತಾನೆ. ಮೊದಲ ಪುಟದ ಆಸೆಯೇ ಕೊನೆಯ ಪುಟದಲ್ಲೂ ಇದೆ, ಮೊದಲ ಪುಟದ ನಂಬಿಕೆಯೇ ಕೊನೆಯಲ್ಲೂ ಇದೆ. ಒಬ್ಬನ ಎದೆಯಲ್ಲಿ ಇವೆರಡೂ ಒಟ್ಟಿಗಿರಲು ಲೋಕ ಬಿಡಲಿಲ್ಲ, ಅದೇ ಕಾದಂಬರಿ.

ಬರೆಯುವವರಿಗೆ ಇಲ್ಲಿಂದ ಒಂದು ಸಲಕರಣೆ ಸಿಗುತ್ತದೆ. ಪಾತ್ರದ ಬಗ್ಗೆ ಐವತ್ತು ಪ್ರಶ್ನೆಗಳ ಪಟ್ಟಿ (ಇಷ್ಟದ ಬಣ್ಣ, ರಾಶಿ, ಬಾಲ್ಯದ ಗೆಳೆಯ) ತುಂಬಿಸುವ ಅಭ್ಯಾಸ ಹಬ್ಬಿದೆ. ಅದರಲ್ಲಿ ನಲವತ್ತೈದು ಕತೆಗೆ ಬರುವುದೇ ಇಲ್ಲ. ಬದಲಿಗೆ ಎರಡು ಸಾಲು ಬರೆಯಿರಿ. ಒಂದು, ಅವನಿಗೆ ಏನು ಬೇಕು? ಉತ್ತರ ಕಣ್ಣಿಗೆ ಕಾಣುವ ವಸ್ತುವಾಗಿರಲಿ, ‘ನೆಮ್ಮದಿ’ ‘ಗೌರವ’ ಎಂದು ಬರೆದರೆ ಹೊಡೆದುಹಾಕಿ ಮತ್ತೆ ಬರೆಯಿರಿ. ಎರಡು, ಏನೇ ಆದರೂ ಅವನು ಬಿಡಲಾರದ್ದು ಏನು? ಈಗ ಮೊದಲನೆಯದನ್ನು ಪಡೆಯಲು ಎರಡನೆಯದನ್ನು ಬಿಡಲೇಬೇಕಾದ ಒಂದು ದಿನವನ್ನು ಹುಡುಕಿ. ಆ ದಿನ ಸಿಗದಿದ್ದರೆ ನಿಮ್ಮ ಬಳಿ ವ್ಯಕ್ತಿಚಿತ್ರ ಇದೆ, ಕತೆ ಇನ್ನೂ ಇಲ್ಲ. ಇದಕ್ಕೆ ಪೂರಕವಾಗಿ ಇನ್ನು ಮೂರೇ ವಿವರ ಸಾಕು: ಹೊಟ್ಟೆಪಾಡಿಗೆ ಕೈ ಏನು ಕೆಲಸ ಮಾಡುತ್ತದೆ, ಯಾರಿಗೆ ಸಾಲಗಾರ, ಯಾವ ವಿಷಯದಲ್ಲಿ ಸುಳ್ಳು ಹೇಳುತ್ತಾನೆ.

ಎಲ್ಲ ಪಾತ್ರಗಳಿಗೂ ಇದನ್ನು ಮಾಡಲು ಹೋಗಬೇಡಿ. 2500 ಪದಗಳ ಕತೆಯಲ್ಲಿ ಒಬ್ಬರಿಗೆ ಆಳ ಸಿಗುತ್ತದೆ, ಕೈ ಪಳಗಿದ್ದರೆ ಇಬ್ಬರಿಗೆ. ಉಳಿದವರು ಚಪ್ಪಟೆಯಾಗಿಯೇ ಇರಲಿ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ಅತ್ತೆ ಗಂಗಮ್ಮನ ಬಾಯಿ, ಗಂಡ ಚೆನ್ನಿಗರಾಯನ ಹೊಟ್ಟೆ ಮೊದಲಿಂದ ಕೊನೆಯವರೆಗೂ ಹಾಗೇ ಇವೆ. ಅವರು ಅಷ್ಟು ಗಟ್ಟಿಯಾಗಿ ನಿಂತಿರುವುದರಿಂದಲೇ ಶಾನುಭೋಗಿಕೆಯ ಲೆಕ್ಕ ಬರೆದು, ಎಲೆ ಹಚ್ಚಿ ಸಂಸಾರ ನಡೆಸುವ ನಂಜಮ್ಮನ ಒಳಗು ನಮಗೆ ಕಾಣುವುದು. ಅವರನ್ನೂ ನಾಲ್ಕು ಪುಟ ಒಳ್ಳೆಯವರನ್ನಾಗಿ ಮಾಡಿದ್ದರೆ ಒತ್ತಡವೇ ಇಳಿದುಹೋಗುತ್ತಿತ್ತು.

ಇನ್ನು ನಿಜಕ್ಕೂ ಬದಲಾಗುವ ಪಾತ್ರಗಳು. ಹೆಚ್ಚಿನ ಹಸ್ತಪ್ರತಿಗಳು ಕೆಡುವುದು ಇಲ್ಲೇ. ಮನಃಪರಿವರ್ತನೆ ಒಂದು ಆಸ್ಪತ್ರೆಯಲ್ಲೋ, ಒಂದು ಪತ್ರದಲ್ಲೋ, ಯಾರೋ ಹಿರಿಯರ ಅರ್ಧ ಪುಟದ ಬುದ್ಧಿಮಾತಿನಲ್ಲೋ ಆಗಿಬಿಡುತ್ತದೆ. ಓದುಗ ನಂಬುವುದಿಲ್ಲ, ಏಕೆಂದರೆ ಹಳೆಯ ಸ್ವಭಾವದ ತೂಕ ಎಷ್ಟಿತ್ತೆಂದು ಅವನಿಗೆ ತೋರಿಸಿಯೇ ಇಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯರು, ಅಗ್ರಹಾರದ ಪಂಡಿತರು, ಕಾಡಿನಲ್ಲಿ ಸತ್ತ ನಾರಣಪ್ಪನ ಸಂಗಾತಿ ಚಂದ್ರಿಯ ಜೊತೆ ಕಳೆದ ರಾತ್ರಿಯಿಂದ ಬದಲಾದರು ಎಂದು ಬರೆಯುವವರು ಅದಕ್ಕಿಂತ ಹಿಂದಿನ ಪುಟಗಳನ್ನು ಮರೆಯುತ್ತಾರೆ. ಕಾಯಿಲೆಯ ಹೆಂಡತಿಗೆ ಸ್ನಾನ ಮಾಡಿಸುವ ದಿನಚರಿಯೊಂದಿಗೆ ಕಾದಂಬರಿ ತೆರೆಯುತ್ತದೆ. ಆ ಸೇವೆಯಲ್ಲಿ ಅವರಿಗೊಂದು ಹೆಮ್ಮೆಯೂ ಇದೆ. ಆಚಾರ ಬಿಟ್ಟಿದ್ದ ನಾರಣಪ್ಪನ ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಶವ ಕೊಳೆಯುತ್ತಿದೆ, ಗ್ರಂಥಗಳಲ್ಲಿ ಉತ್ತರ ಇಲ್ಲ. ದಿನವಿಡೀ ಕಾದರೂ ಮಾರುತಿ ಪ್ರಸಾದ ಕೊಡುವುದಿಲ್ಲ. ಹಿಡಿದುಕೊಂಡಿದ್ದ ಕಂಬಗಳೆಲ್ಲ ಒಂದೊಂದಾಗಿ ಕುಸಿದ ಮೇಲೆ ಆ ರಾತ್ರಿ ಬರುತ್ತದೆ. ಬಂದ ಮೇಲೂ ಮುಗಿಯುವುದಿಲ್ಲ: ಸತ್ಯ ಹೇಳಲು ಬಾಯಿ ಬರುವುದಿಲ್ಲ, ಮೇಳಿಗೆಯ ಜಾತ್ರೆಯಲ್ಲಿ ಗುರುತು ಸಿಕ್ಕೀತೆಂಬ ಭಯ ಬಿಡುವುದಿಲ್ಲ. ಅಗ್ರಹಾರಕ್ಕೆ ಮರಳುವ ದಾರಿಯಲ್ಲೇ ಕಾದಂಬರಿ ನಿಲ್ಲುತ್ತದೆ.

ಸಣ್ಣಕತೆಯಲ್ಲಿ ಇಷ್ಟು ಜಾಗ ಇಲ್ಲ, ಆದರೂ ಕ್ರಮ ಇದೇ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕಿರಾಣಿ ಅಂಗಡಿಯ ಸಿದ್ಧಲಿಂಗಪ್ಪ ಉದ್ದರಿ ಕೊಟ್ಟರೆ ಪೈಸೆ ಬಿಡದೆ ವಸೂಲಿ ಮಾಡುವವನು. ಮೊದಲ ಕರಡಿನಲ್ಲಿ ಅವನು ಸಾಲಗಾರಳ ಮನೆಗೆ ಹೋಗುತ್ತಾನೆ, ಜ್ವರದ ಮಗುವನ್ನು ನೋಡುತ್ತಾನೆ, ಕಣ್ಣೀರಿಟ್ಟು ಉದ್ದರಿ ಪುಸ್ತಕ ಹರಿಯುತ್ತಾನೆ. ಇದು ಸುಳ್ಳು ಅನಿಸುವುದು ಕರುಣೆ ಅಸಾಧ್ಯವೆಂದಲ್ಲ. ಇಪ್ಪತ್ತು ವರ್ಷದ ಕೈ ಅಭ್ಯಾಸ ಒಂದು ನೋಟಕ್ಕೆ ಸೋಲುವುದಿಲ್ಲ ಎಂದು.

ತಿದ್ದುವುದು ಹಿಂದಿನಿಂದ. ಬದಲಾವಣೆಯ ದೃಶ್ಯವನ್ನು ಮುಟ್ಟುವ ಮೊದಲು ಅದರ ಹಿಂದೆ ಎರಡು ಚಿಕ್ಕ ದೃಶ್ಯ ಸೇರಿಸಿ. ಮೊದಲನೆಯದರಲ್ಲಿ ಹೊಸ ನಡತೆ ಅವನಿಗೆ ಸಾಧ್ಯವೇ ಇಲ್ಲ: ಎರಡು ರೂಪಾಯಿ ಕಡಿಮೆ ಬಂದದ್ದಕ್ಕೆ ಕಟ್ಟಿದ ಪೊಟ್ಟಣ ಬಿಚ್ಚಿ ಅಷ್ಟೇ ಬೇಳೆ ವಾಪಸು ತೆಗೆಯುತ್ತಾನೆ. ಎರಡನೆಯದರಲ್ಲಿ ಕೈ ಮುಂದೆ ಹೋಗಿ ಹಿಂದೆ ಬರುತ್ತದೆ: ತಕ್ಕಡಿಗೆ ಒಂದು ಹಿಡಿ ಸಕ್ಕರೆ ಹೆಚ್ಚು ಹಾಕಿದವನು ಯಾರೋ ನೋಡಿದರೆಂದು ಮತ್ತೆ ತೆಗೆದು ಡಬ್ಬಿಗೆ ಸುರಿಯುತ್ತಾನೆ. ಆಮೇಲೆ ಮೂರನೆಯದು. ಅಲ್ಲಿ ಪುಸ್ತಕ ಹರಿಯುವುದು ಬೇಡ. ಅವಳ ಹೆಸರಿನ ಮುಂದೆ ಆ ದಿನದ ಸಾಲನ್ನು ಬರೆಯದೆ ಖಾಲಿ ಬಿಟ್ಟು ಪುಸ್ತಕ ಮುಚ್ಚುತ್ತಾನೆ, ಸಾಕು. ಮರುದಿನ ಬೆಳಿಗ್ಗೆ ಇನ್ನೊಬ್ಬ ಗಿರಾಕಿಯ ಜೊತೆ ಒಂದು ರೂಪಾಯಿಗೆ ಜಗಳಕ್ಕೆ ನಿಲ್ಲಲಿ. ಹಳೆಯ ಮನುಷ್ಯ ಪೂರ್ತಿ ಹೋಗಿಲ್ಲ ಎಂದು ತೋರಿಸಿದಾಗಲೇ ಹೊಸಬ ಬಂದದ್ದು ನಂಬಿಕೆಯಾಗುವುದು. ಮೂರೂ ಸೇರಿ 600 ಪದ ಮೀರದಿರಲಿ. ಮೊದಲನೆಯದು ಕತೆಯ ಮೊದಲ ಕಾಲುಭಾಗದಲ್ಲೇ ಬಂದಿರಬೇಕು. ತಡವಾಗಿ ಬಂದರೆ ತೇಪೆ ಹಚ್ಚಿದ್ದು ಗೊತ್ತಾಗುತ್ತದೆ.

ಕರಡು ಮುಗಿದ ಮೇಲೆ ಎರಡು ಪರೀಕ್ಷೆ. ಕೆಂಪು ಪೆನ್ನಿನಲ್ಲಿ ಪಾತ್ರದ ಬಗ್ಗೆ ನೀವು ಬರೆದ ‘ಸಿಡುಕಿನ’, ‘ಮುಗ್ಧ’, ‘ಸ್ವಾಭಿಮಾನಿ’ ತರಹದ ಪದಗಳಿಗೆಲ್ಲ ಗೆರೆ ಎಳೆಯಿರಿ. ಒಂದೊಂದನ್ನೂ ತೆಗೆದು ಓದಿ. ಗುಣ ಇನ್ನೂ ಕಾಣುತ್ತಿದ್ದರೆ ಆ ಪದ ಬೇಕಿರಲಿಲ್ಲ. ಕಾಣದಿದ್ದರೆ ಅಲ್ಲೊಂದು ಕ್ರಿಯೆ ಬೇಕಿದೆ. ಆಮೇಲೆ ಸಂಭಾಷಣೆಯಲ್ಲಿ ಹೆಸರುಗಳನ್ನು ಮುಚ್ಚಿ ಓದಿ. ಯಾರ ಮಾತೆಂದು ತಿಳಿಯದಿದ್ದರೆ ಎಲ್ಲರೂ ನಿಮ್ಮ ಕನ್ನಡವನ್ನೇ ಆಡುತ್ತಿದ್ದಾರೆ.

ಈ ಮಾತಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡದ ಲೇಖಕರ ಕೈಯಲ್ಲಿ ಇಂಗ್ಲಿಷಿನವರಿಗಿಲ್ಲದ ಆಯುಧ ಇದೆ, ಅದನ್ನು ಬಳಸುವವರು ಕಡಿಮೆ. ಅವರಿಗೆ ಎಲ್ಲರೂ ‘ಯೂ’. ನಮಗೆ ನೀನು, ನೀವು. ನಿರೂಪಕ ಮೊದಲ ವಾಕ್ಯದಲ್ಲಿ ‘ಬಂದ’ ಅನ್ನುತ್ತಾನೋ ‘ಬಂದರು’ ಅನ್ನುತ್ತಾನೋ ಎಂಬುದರಲ್ಲೇ ಓದುಗ ಆ ಪಾತ್ರದಿಂದ ಎಷ್ಟು ದೂರ ಕೂರಬೇಕೆಂದು ತೀರ್ಮಾನವಾಗುತ್ತದೆ. ಮನಸ್ಸು ತಿರುಗಿದ್ದನ್ನು ಹೇಳಲು ಒಂದು ಪ್ಯಾರಾ ಸ್ವಗತ ಬೇಡ. ಗಂಡನ ಎದುರು ‘ಅತ್ತೆ’ ಎನ್ನುತ್ತಿದ್ದ ಸೊಸೆ ಒಂದು ದಿನ ‘ನಿಮ್ಮಮ್ಮ’ ಅಂದರೆ ಮನೆ ಒಡೆದಿದೆ. ಗಂಡನನ್ನು ‘ಏನಂದ್ರೆ’ ಎಂದು ಕರೆಯುತ್ತಿದ್ದವಳು ಅವನ ಹೆಸರು ಹಿಡಿದು ಕೂಗಿದರೆ, ಅದು ಸಲಿಗೆಯೋ ಸಿಟ್ಟೋ ಎಂಬುದನ್ನು ಹಿಂದಿನ ದೃಶ್ಯ ಹೇಳುತ್ತದೆ. ಹೀಗೆ ತಿರುಗಿಸುವ ಮೊದಲು ಹಳೆಯ ರೂಪ ಕನಿಷ್ಠ ಮೂರು ಸಲವಾದರೂ ಓದುಗನ ಕಿವಿಗೆ ಬಿದ್ದಿರಬೇಕು, ಇಲ್ಲದಿದ್ದರೆ ಮುದ್ರಣದೋಷದಂತೆ ದಾಟಿಹೋಗುತ್ತದೆ. ಆ ಊರಿನ, ಆ ಮನೆಯ ರೂಢಿಯನ್ನೂ ಸರಿಯಾಗಿ ತಿಳಿದಿರಬೇಕು: ಅಪ್ಪನನ್ನು ‘ನೀನು’ ಎನ್ನುವ ಮನೆಯಲ್ಲಿ ಮಗ ‘ನೀವು’ ಎಂದರೆ ಅದು ಗೌರವವಲ್ಲ, ಮುನಿಸು.

ಸಿದ್ಧಲಿಂಗಪ್ಪನ ಕತೆಯನ್ನು ಹೀಗೂ ತಿದ್ದಬಹುದು. ಆ ಹೆಂಗಸು ಅಂಗಡಿಗೆ ಬಂದಾಗಲೆಲ್ಲ ಅವನು ಹೆಸರು ಹಿಡಿಯದೆ, ಮುಖ ನೋಡದೆ, ‘ಏನು ಬೇಕು?’ ಎನ್ನಲಿ. ಖಾಲಿ ಸಾಲು ಬಿಟ್ಟ ದಿನ ಪೊಟ್ಟಣ ಮುಂದೆ ತಳ್ಳಿ, ‘ಏನವ್ವಾ, ಕೂಸು ಹೆಂಗದೆ?’ ಎನ್ನಲಿ.