ಹಳೇ ಹೋಂಡಾ ಸಿಟಿ ವಿಟೆಕ್‌ನ ಗುಂಯ್ ಸದ್ದು: ಕೆಲಸ ಎಲ್ಲಿಗೆ ಬಂತು

ನನ್ನ ಕಾರಿನಲ್ಲಿ ಇರುವುದು ಒಂದಲ್ಲ, ಎರಡು ಸದ್ದು ಅಂತ ಈಗ ಖಾತ್ರಿಯಾಗಿದೆ. ಒಂದನ್ನು ನಿಲ್ಲಿಸಿದ್ದಾಗಿದೆ. ಇನ್ನೊಂದು ಬಾಕಿ ಇದೆ, ಆದರೆ ಅದು ಎಲ್ಲಿಂದ ಬರುತ್ತಿದೆ ಅಂತ ಗೊತ್ತು.

ಹೊಸಬರಿಗೆ ಕಾರಿನ ಪರಿಚಯ: 2002ರ ಹೋಂಡಾ ಸಿಟಿ, 1.5 ಲೀಟರ್ ವಿಟೆಕ್ (ಹೋಂಡಾದ್ದೇ ವಾಲ್ವ್ ತಂತ್ರ ಇರುವ ಎಂಜಿನ್), 106 ಹಾರ್ಸ್‌ಪವರ್, ಐದು ಗೇರ್. 2003ರಲ್ಲಿ ಬಂದ ಮುಂದಿನ ಸಿಟಿಯಲ್ಲಿ ಪವರ್ 77ಕ್ಕೆ ಇಳಿಯಿತು. ಹಳೇ ವಿಟೆಕ್ ಇಟ್ಟುಕೊಂಡವರು ಅದನ್ನು ಸುಲಭಕ್ಕೆ ಮಾರದೇ ಇರುವುದಕ್ಕೆ ಇದೇ ಕಾರಣ. ಆ ಎಂಜಿನ್ ಮೇಲಕ್ಕೆ ಏರುವಾಗ ಬರುವ ಸ್ವರ ಕೇಳುವುದಕ್ಕೇ ನಾನು ಈ ಕಾರು ಓಡಿಸುತ್ತೇನೆ. ಅದರ ಮೇಲೆ ಬೇರೆ ಸದ್ದು ಬಂದು ಕೂತರೆ ಸಹಿಸುವುದು ಕಷ್ಟ.

ತೊಂದರೆ ಹೀಗಿತ್ತು. ವೇಗ ಗಂಟೆಗೆ 50 ಕಿ.ಮೀ. ದಾಟಿದ ಮೇಲೆ ಕೆಳಗಿನಿಂದ ಗುಂಯ್ ಅಂತ ಶುರು. 80ಕ್ಕೆ ಬಂದರೆ ಪಕ್ಕದವರ ಮಾತು ಕೇಳಿಸದಷ್ಟು ಜೋರು. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ನಲ್ಲಿ ನಿಂತಾಗಲೂ ಮೆಲ್ಲಗೆ ಗೊರಗೊರ. ಕಾರಿನಲ್ಲಿ ಕೂತವರೆಲ್ಲ ಹೇಳಿದ್ದು ಒಂದೇ ಮಾತು: “ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಿಬಿಡಿ.”

ಇಳಿಸುವುದು ಸುಮ್ನೆ ಆಗುವ ಕೆಲಸ ಅಲ್ಲ. ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಎರಡೂ ಡ್ರೈವ್ ಶಾಫ್ಟ್ ತೆಗೆಯಬೇಕು, ಮೌಂಟ್ ಬಿಚ್ಚಬೇಕು, ಎಂಜಿನ್‌ಗೆ ಕೆಳಗಿನಿಂದ ಆಸರೆ ಕೊಡಬೇಕು. ಒಂದು ಸಲ ಬಿಚ್ಚಿದರೆ ಬಿಲ್ ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಈ ಸದ್ದು ಯಾವುದರ ಜೊತೆ ತಿರುಗುತ್ತಿದೆ? ಎಂಜಿನ್ ಜೊತೆನಾ, ಚಕ್ರದ ಜೊತೆನಾ?

ತುಮಕೂರಿನ ಕ್ಯಾತ್ಸಂದ್ರ ದಾಟಿ ಹೆದ್ದಾರಿ 48ರಲ್ಲಿ ಬೆಳಗ್ಗೆ ಬೇಗ ಹೋದೆ. ಲಾರಿ ಕಡಿಮೆ ಇರುವ ಹೊತ್ತು. 80ರಲ್ಲಿ ಹೋಗುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟೆ. ಎಂಜಿನ್ ಐಡ್ಲಿಂಗ್‌ಗೆ ಇಳಿಯಿತು, ಗುಂಯ್ ಮಾತ್ರ ಹಾಗೇ ಇತ್ತು. ಕಾರಿನ ವೇಗ ಇಳಿದಂತೆ ಅದೂ ಇಳಿಯಿತು. ನಾಲ್ಕನೇ ಗೇರ್‌ನಲ್ಲೂ ಐದನೇ ಗೇರ್‌ನಲ್ಲೂ ಅದೇ ವೇಗಕ್ಕೆ ಅದೇ ಸ್ವರ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ವ್ಯತ್ಯಾಸ ಇಲ್ಲ. ಗೇರ್ ಹಲ್ಲು ಸವೆದಿದ್ದರೆ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬರುವುದು ಸಾಮಾನ್ಯ. ಹಾಗಾಗಿ ಗುಂಯ್ ಮಟ್ಟಿಗೆ ಗೇರ್ ಹಲ್ಲುಗಳ ಮೇಲಿನ ಅನುಮಾನ ಹೋಯಿತು.

ಮುಖ್ಯವಾಗಿ ಉಳಿದಿದ್ದು ಟಯರ್, ಮತ್ತೆ ಚಕ್ರ ಕೂತು ತಿರುಗುವ ವೀಲ್ ಬೇರಿಂಗ್. ಟಯರ್ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ಊರೊಳಗಿನ ಕಾಂಕ್ರೀಟ್ ರಸ್ತೆಯಲ್ಲೂ ಹೆದ್ದಾರಿಯ ಡಾಂಬರಿನಲ್ಲೂ ಇದು ಒಂದೇ ಥರ ಇತ್ತು. ಮುಂದಿನ ಟಯರ್ ಹಿಂದಕ್ಕೆ ಹಾಕಿ ನೋಡಿದರೂ ಸದ್ದು ಜಾಗ ಬಿಡಲಿಲ್ಲ.

ಲೆಕ್ಕವೂ ಇದಕ್ಕೆ ಹೊಂದುತ್ತದೆ. ಈ ಅಳತೆಯ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಉರುಳುತ್ತದೆ. ಅಂದರೆ 60ರ ವೇಗದಲ್ಲಿ ಸೆಕೆಂಡಿಗೆ 9 ಸುತ್ತು. ಟಯರ್‌ನಲ್ಲಿ ಒಂದೇ ಕಡೆ ಉಬ್ಬು ಇದ್ದರೆ ಸೆಕೆಂಡಿಗೆ 9 ಏಟು, ಕಿವಿಗೆ ದಡದಡ ಅನ್ನಿಸುತ್ತದೆ. ಬೇರಿಂಗ್ ಒಳಗೆ ಹಲವು ಗುಂಡುಗಳಿವೆ. ಗುಂಡು ಓಡುವ ದಾರಿಯಲ್ಲಿ ಗುಳಿ ಬಿದ್ದರೆ ಒಂದೊಂದೂ ಅದರ ಮೇಲೆ ಹಾಯುತ್ತದೆ, ಪ್ರತಿ ಸುತ್ತಿಗೆ ಹಲವು ಏಟು. ಅವೆಲ್ಲ ಸೇರಿ ಗುಂಯ್ ಆಗುತ್ತದೆ.

ಎಡವೋ ಬಲವೋ ತಿಳಿಯುವುದಕ್ಕೆ ದೇವರಾಯನದುರ್ಗದ ದಾರಿ ಹಿಡಿದೆ. ಘಾಟಿಯ ಸಣ್ಣ ತಿರುವುಗಳಲ್ಲಿ ವೇಗ ಸಾಲದು, ಸದ್ದೇ ಏಳುವುದಿಲ್ಲ. ಬೆಟ್ಟಕ್ಕೆ ಮುಂಚೆ ಸಿಗುವ ಉದ್ದನೆಯ ಸೌಮ್ಯ ತಿರುವುಗಳೇ ಇದಕ್ಕೆ ವಾಸಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ, ಆಗ ಗುಂಯ್ ಜೋರಾಯಿತು. ಬಲಕ್ಕೆ ತಿರುಗಿದಾಗ ಹೆಚ್ಚುಕಮ್ಮಿ ಮಾಯ. ಸರಿ, ಬಲಗಡೆ.

ಮುಂದಿನದೋ ಹಿಂದಿನದೋ ಅನ್ನುವುದು ಮನೆ ಮುಂದೆಯೇ ಗೊತ್ತಾಯಿತು. ಈ ಉಪಾಯ ಎಲ್ಲರೂ ಮಾಡಿ ನೋಡಬೇಕು. ಕಾರನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಒಂದು ಕೈಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗ್ ಇದ್ದರೆ ಸ್ಪ್ರಿಂಗ್‌ನಲ್ಲಿ ಜುಮು ಜುಮು ಅಂತ ಬೆರಳಿಗೆ ತಿಳಿಯುತ್ತದೆ. ಹಿಂದಿನ ಬಲ ಚಕ್ರ ನುಣ್ಣಗೆ ತಿರುಗಿತು. ಮುಂದಿನ ಬಲ ಚಕ್ರದಲ್ಲಿ ಮರಳು ಅರೆದ ಹಾಗೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಆಟ (ಸಡಿಲ) ಇರಲಿಲ್ಲ. ಆಟ ಇಲ್ಲ ಅಂದರೆ ಬೇರಿಂಗ್ ಚೆನ್ನಾಗಿದೆ ಅನ್ನುವವರು ಇದನ್ನು ಗಮನಿಸಬೇಕು.

ಚಕ್ರ ನೇತಾಡುವಾಗ ಎಂಜಿನ್ ಚಾಲು ಮಾಡಿ ಗೇರ್ ಹಾಕಿ ಕೇಳುವುದು ಬೇಡ. ಸಸ್ಪೆನ್ಷನ್ ಇಳಿಬಿದ್ದಾಗ ಡ್ರೈವ್ ಶಾಫ್ಟ್ ಓರೆಯಾಗುತ್ತದೆ. ಆಗ ಅದರ ತುದಿಯ ಜಾಯಿಂಟ್‌ಗಳು ರಸ್ತೆಯಲ್ಲಿ ಮಾಡದ ಸದ್ದನ್ನೆಲ್ಲ ಮಾಡುತ್ತವೆ.

ಬೇರಿಂಗ್ ಈ ಕಾರಿನಲ್ಲಿ ನಕಲ್ (knuckle, ಚಕ್ರವನ್ನು ಹೊರುವ ಲೋಹದ ಭಾಗ) ಒಳಗೆ ಪ್ರೆಸ್ ಆಗಿರುತ್ತದೆ. ನಕಲ್ ಬಿಚ್ಚಿಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಹೋದೆ. ಹೊಸದನ್ನು ಕೂರಿಸುವಾಗ ಹೊರ ರಿಂಗ್ ಮೇಲೆ ಮಾತ್ರ ಒತ್ತಡ ಬೀಳಬೇಕು. ಒಳ ರಿಂಗ್ ಮೇಲೆ ಒತ್ತಿದರೆ ಗುಂಡುಗಳು ದಾರಿಯಲ್ಲಿ ಗುಳಿ ಮಾಡಿ, ಹೊಸ ಬೇರಿಂಗ್ ಹುಟ್ಟುತ್ತಲೇ ಹಾಳಾಗುತ್ತದೆ. ಲೇತ್ ಅಂಗಡಿಯ ಅಣ್ಣನಿಗೆ ಹೇಳಬೇಕಾಗೇ ಇರಲಿಲ್ಲ. “ಗೊತ್ತು ಬಿಡಿ ಸಾರ್” ಅಂದು ಸರಿಯಾದ ಅಳತೆಯ ಬುಶ್ ತೆಗೆದ. ಇಂಥ ಕೈಗಳು ತುಮಕೂರಿನಲ್ಲಿ ಇನ್ನೂ ಇವೆ ಅನ್ನುವುದು ನನಗೆ ದೊಡ್ಡ ಸಮಾಧಾನ. ಆಕ್ಸಲ್ ನಟ್ ಹೊಸದೇ ಹಾಕಿದೆ, ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆ.

ಈಗ 80ರಲ್ಲಿ ಟಯರ್ ಸದ್ದು, ಗಾಳಿ, ಎಂಜಿನ್. ಅಷ್ಟೇ.

ಇನ್ನು ನ್ಯೂಟ್ರಲ್‌ನ ಗೊರಗೊರ. ಇದಕ್ಕೆ ಕಾರು ಓಡಿಸುವುದೇ ಬೇಡ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕ್ಲಚ್ ನಿಧಾನಕ್ಕೆ ಒತ್ತಿದರೆ ಗೊರಗೊರ ನಿಲ್ಲುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಕ್ಲಚ್ ಒತ್ತಿದಾಗ, ಎಂಜಿನ್‌ನ ತಿರುಗುವಿಕೆಯನ್ನು ಒಳಗೆ ತರುವ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ನಿಂತುಹೋಗುತ್ತದೆ ಅಲ್ವಾ, ಅದರ ಬೇರಿಂಗ್ ಕೂಡ ನಿಲ್ಲುತ್ತದೆ. ಒತ್ತಿದಾಗ ಸದ್ದು ಶುರುವಾಗಿದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಅನ್ನಬಹುದಿತ್ತು. ಇಲ್ಲಿ ಉಲ್ಟಾ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಕ್ಲಚ್ ಹೌಸಿಂಗ್‌ಗೆ, ಹಿಡಿ ಕಿವಿಗೆ ಇಟ್ಟು ಕೇಳಿದರೂ ಅಲ್ಲೇ ಸದ್ದು ಜಾಸ್ತಿ.

ಗೇರ್ ಆಯಿಲ್ ಇಳಿಸಿದೆ. ಒಳಗಿದ್ದದ್ದು ದಪ್ಪನೆಯ 90 ನಂಬರ್ ಆಯಿಲ್. ಆ ಕಾಲದ ಹೋಂಡಾ ಮ್ಯಾನ್ಯುವಲ್ ಗೇರ್‌ಬಾಕ್ಸ್‌ಗೆ ಬೇಕಾದ್ದು ತೆಳ್ಳನೆಯ ಎಂಟಿಎಫ್ (ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್ ಫ್ಲೂಯಿಡ್). ಅದು ಸಿಗದಿದ್ದರೆ ತಾತ್ಕಾಲಿಕವಾಗಿ 10ಡಬ್ಲ್ಯೂ-30 ಎಂಜಿನ್ ಆಯಿಲ್. ದಪ್ಪ ಆಯಿಲ್ ಸದ್ದನ್ನು ಸ್ವಲ್ಪ ಅಡಗಿಸುತ್ತದೆ, ಆದರೆ ಬೆಳಗ್ಗೆ ಎರಡನೇ ಗೇರ್ ಬೀಳುವುದಕ್ಕೆ ಹಟ ಮಾಡುತ್ತದೆ. ಡ್ರೈನ್ ಬೋಲ್ಟ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪಾದ ಪೇಸ್ಟ್ ಮಾತ್ರ ಇತ್ತು. ಅದು ಸಹಜ. ಚೂರುಗಳು ಸಿಕ್ಕಿದ್ದರೆ ಅವತ್ತೇ ಗೇರ್‌ಬಾಕ್ಸ್ ಇಳಿಸುತ್ತಿದ್ದೆ. ಹೊಸ ಎಂಟಿಎಫ್ ಹಾಕಿದ ಮೇಲೆ ಗೇರ್ ಬೆಣ್ಣೆ, ಗೊರಗೊರ ಹಾಗೇ ಇದೆ.

ಡ್ರೈವ್ ಶಾಫ್ಟ್‌ನ ಜಾಯಿಂಟ್‌ಗಳನ್ನೂ ಪರೀಕ್ಷಿಸೋಣ ಅಂತ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೈದಾನದಲ್ಲಿ ನಿಧಾನಕ್ಕೆ ಸುತ್ತು ಹೊಡೆದೆ, ಟಕ್ ಟಕ್ ಬರಲಿಲ್ಲ. ಅಂದರೆ ಶಾಫ್ಟ್‌ನ ಚಕ್ರದ ಕಡೆಯ ಸಿವಿ ಜಾಯಿಂಟ್‌ಗಳು ಗಟ್ಟಿಯಾಗಿವೆ. ಎಡಗಡೆ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಬಿರುಕು ಬಿಟ್ಟಿತ್ತು. ಗ್ರೀಸ್ ಹೊರಗೆ ಬಂದು ಮಣ್ಣು ಒಳಗೆ ಹೋಗುವ ಮುಂಚೆಯೇ ಬದಲಿಸಿದೆ.

ಇನ್‌ಪುಟ್ ಶಾಫ್ಟ್ ಬೇರಿಂಗ್ ಒಂದಕ್ಕೋಸ್ಕರ ಈಗಲೇ ಗೇರ್‌ಬಾಕ್ಸ್ ಇಳಿಸುವುದಿಲ್ಲ. ಕ್ಲಚ್ ಪ್ಲೇಟ್‌ನಲ್ಲಿ ಇನ್ನೂ ಸ್ವಲ್ಪ ಜೀವ ಇದೆ. ಅದು ಜಾರುವುದಕ್ಕೆ ಶುರುವಾದ ದಿನ ಎಲ್ಲ ಒಟ್ಟಿಗೆ: ಕ್ಲಚ್, ರಿಲೀಸ್ ಬೇರಿಂಗ್, ಇನ್‌ಪುಟ್ ಶಾಫ್ಟ್ ಬೇರಿಂಗ್, ಆಯಿಲ್ ಸೀಲುಗಳು. ಅಲ್ಲಿಯವರೆಗೆ ಪ್ರತಿ ಸರ್ವಿಸ್‌ಗೂ ಮ್ಯಾಗ್ನೆಟ್ ನೋಡುತ್ತೇನೆ. ಮಧ್ಯದಲ್ಲಿ ಗೊರಗೊರ ಜೋರಾದರೆ, ಅಥವಾ ಗೇರ್‌ನಲ್ಲಿ ಓಡುವಾಗಲೂ ಕೇಳಿಸಿದರೆ, ಕ್ಲಚ್‌ಗೆ ಕಾಯುವುದಿಲ್ಲ. ಸೀಲುಗಳನ್ನು ಈ ವಾರವೇ ತಂದಿಡುತ್ತೇನೆ. ಬೇರಿಂಗ್ ಮಾತ್ರ ಹಳೆಯದು ಹೊರಗೆ ಬಂದ ಮೇಲೆ, ಅದರ ರಿಂಗ್ ಮೇಲಿನ ನಂಬರ್ ನೋಡಿಯೇ ಕೊಳ್ಳುವುದು.